ಡೆಲ್ಲಿಗೆ ಹೊರಟ ಮಡಿಲಕ್ಕಿ

ತಂಗಿ ಫೋನು ಮಾಡಿದಾಗ ನಾನು ತೋಟದಲ್ಲಿ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಿದ್ದೆ. ಕುಡುಗೋಲು ಕೆಳಗಿಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು ‘ಹೇಳವ್ವ’ ಅಂದೆ.

‘ಅಣ್ಣ, ಡಾಕ್ಟ್ರು ಊರಿಗೆ ಹೋಗಬ್ಯಾಡಿ ಅಂದ್ಬುಟ್ರು. ರೈಲೂ ಬ್ಯಾಡ, ಕಾರೂ ಬ್ಯಾಡ. ಹೆರಿಗೆ ಆಗೋಗಂಟ ಎದ್ದು ಓಡಾಡಂಗಿಲ್ವಂತೆ.’

ತವರಿಗೆ ಬಂದು ಮಡಿಲು ತುಂಬಿಸಿಕೊಳ್ಳಬೇಕಿದ್ದವಳು ಅವಳು. ಆ ಮಾತನ್ನು ನಾನೇ ಎತ್ತಿದೆ: ‘ನೀನು ಬರಕ್ಕಾಗ್ದಿದ್ರೆ ಏನಾಯ್ತು. ಮಡಿಲಕ್ಕಿ ಅಲ್ಲಿಗೇ ಬತ್ತದೆ ಬುಡು.’

ಅವಳ ಗಂಡ ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್. ಮದುವೆಯಾದ ಲಾಗಾಯ್ತು ಇಬ್ಬರೂ ಡೆಲ್ಲಿಯ ಕ್ವಾರ್ಟರ್ಸಿನಲ್ಲಿ ಇದ್ದಾರೆ. ಹಿಂದೆ ಎರಡು ಸಲ ಬಸುರಿಯಾಗಿದ್ದಳು. ಎರಡು ಸಲವೂ ಮಡಿಲು ತುಂಬುವ ತಿಂಗಳವರೆಗೆ ನಿಲ್ಲಲಿಲ್ಲ. ಈ ಸಲ ಏಳಕ್ಕೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಬೆಸ ತಿಂಗಳಲ್ಲೇ ಮಡಿಲು ತುಂಬಬೇಕು, ಅದೂ ಶುಕ್ರವಾರ, ಹೊತ್ತು ಮುಳುಗುವುದರೊಳಗೆ. ಎಂಟು ಬಂದರೆ ಆಗುವುದಿಲ್ಲ. ಒಂಬತ್ತರವರೆಗೆ ಕಾಯೋಣ ಅನ್ನುವ ಧೈರ್ಯ ಆ ಮನೆಯಲ್ಲೂ ಇರಲಿಲ್ಲ, ಈ ಮನೆಯಲ್ಲೂ ಇರಲಿಲ್ಲ. ಏಳರಲ್ಲಿ ಉಳಿದಿದ್ದು ಒಂದೇ ಶುಕ್ರವಾರ.

ಮಡಿಲಕ್ಕಿ ಅಂದರೆ ಅಕ್ಕಿ, ಹಸಿರು ಬಳೆ, ರವಿಕೆ ಕಣ, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲ. ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಅದರ ಜೊತೆ ಒಂದು ಇಡೀ ಕೊಬ್ಬರಿ ಗಿಟುಕು ಇರಬೇಕು. ಅದು ಮಾತ್ರ ತವರುಮನೆಯ ಮರದ್ದೇ ಆಗಬೇಕು ಅನ್ನುತ್ತಿದ್ದಳು ನಮ್ಮವ್ವ. ಬಸುರಿ ಮಾರನೇ ದಿನ ಅದನ್ನು ತನ್ನ ಕೈಯಾರೆ ಒಡೆಯಬೇಕು. ಒಳಗೆ ಬೆಳ್ಳಗಿದ್ದರೆ ಮಗು ಕ್ಷೇಮ. ಇದು ಅವ್ವನ ಲೆಕ್ಕ. ಅವ್ವ ಹೋದ ವರ್ಷ ತೀರಿಕೊಂಡಳು. ತೀರಿಕೊಳ್ಳುವ ಮುಂಚೆ ಬಾವಿ ಹತ್ತಿರದ ಮರದಿಂದ ಒಂದು ಕಾಯಿ ಕೆಡವಿಸಿ, ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿಸಿದ್ದಳು. ಯಾಕವ್ವ ಅಂದಿದ್ದಕ್ಕೆ ‘ಇರ್ಲಿ, ಬೇಕಾಯ್ತದೆ’ ಅಂದಿದ್ದಳು. ತಂಗಿ ಆಗ ಬಸುರಿಯೂ ಅಲ್ಲ, ಏನೂ ಅಲ್ಲ.

ಆ ಕಾಯಿಯನ್ನು ಅಟ್ಟದಿಂದ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ನೀರೆಲ್ಲ ಇಂಗಿ, ಗಿಟುಕು ಚಿಪ್ಪು ಬಿಟ್ಟು ಒಳಗೇ ಕಟಕಟ ಅಂದಿತು.

ಯಾರು ಹೋಗಬೇಕು ಅನ್ನುವುದು ಕಷ್ಟವಾಯಿತು. ಹುಳ ಕಡೇ ಜ್ವರದಿಂದ ಎದ್ದಿದ್ದವು. ಹುಳ ನಾಲ್ಕು ಸಲ ಮೇವು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ನಿಲ್ಲುತ್ತದೆ, ಪೊರೆ ಬಿಟ್ಟು ಏಳುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಕಡೇ ಜ್ವರ ಎದ್ದ ಮೇಲೆ ಒಂದು ವಾರ ಅವುಗಳ ಹೊಟ್ಟೆಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಆಗಿಂದಾಗಲೇ ಬಿಡಬೇಕು, ಇಲ್ಲದಿದ್ದರೆ ಇದ್ದಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಆ ವಾರ ಗಂಡ ಹೆಂಡತಿ ಇಬ್ಬರೂ ಮನೆ ಬಿಡುವ ಹಾಗಿಲ್ಲ.

ಮಡಿಲು ತುಂಬುವುದು ಹೆಂಗಸರ ಕೆಲಸ, ನೀನೇ ಹೋಗು ಅಂದೆ ನನ್ನ ಹೆಂಡತಿಗೆ.

‘ನಾನೋದ್ರೆ ನಿಮ್ಮ ತಂಗಿ ನನ್ನ ಹಿಂದೆ ನೀವೇನಾದ್ರೂ ಬತ್ತಾ ಇದ್ದೀರಾ ಅಂತ ಬಾಗಿಲು ನೋಡ್ತಾಳೆ. ಅಕ್ಕಿ ಯಾರು ಬೇಕಾದ್ರೂ ಹಾಕ್ಬೋದು. ತರೋರು ನೀವಾಗ್ಬೇಕು. ಹುಳ ನಾನು ನೋಡ್ಕತೀನಿ, ನೀವಿದ್ರೂ ನಾನೇ ತಾನೇ ನೋಡೋದು.’

ಆ ಕಡೇ ಮಾತು ಬೇಕಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೊಪ್ಪಿನ ಹೊರೆ ಹೊತ್ತವನು ನಾನು. ಆದರೂ ಹೊರಡುವುದಕ್ಕೆ ಒಪ್ಪಿದೆ.

ಟಿಕೆಟ್ ಮಾಡಿಸಿದವನು ಅವಳ ತಮ್ಮ, ನನ್ನ ಬಾಮೈದ. ರಾಮನಗರದಲ್ಲಿ ಗೂಡು ಸಾಗಿಸುವ ಆಟೋ ಓಡಿಸುತ್ತಾನೆ. ಅವನ ಬಾಯಿ ಅವನ ಆಟೋಗಿಂತ ಜೋರು. ರೈಲಿನಲ್ಲಿ ಹೋಗುತ್ತೇನೆ ಅಂದಿದ್ದಕ್ಕೆ ನಕ್ಕು, ಫೋನು ತೆಗೆದು ತೋರಿಸಿದ.

‘ರೈಲಲ್ಲಿ ಹೋಗಿ ಬರೋಷ್ಟ್ರಲ್ಲಿ ನಿನ್ನ ಹುಳ ಚಿಟ್ಟೆ ಆಗಿ ಡೆಲ್ಲಿಗೆ ನಿನ್ನ ಹುಡ್ಕೊಂಡು ಬತ್ತವೆ. ಇಲ್ಲಿ ನೋಡು ಭಾವ. ಬೆಂಗಳೂರಿಂದ ಡೆಲ್ಲಿಗೆ ಸಾವಿರದ ಏಳ್ನೂರು ಚಿಲ್ರೆ ಕಿಲೋಮೀಟ್ರು. ಪ್ಲೇನಲ್ಲಿ ಎರಡೂಮುಕ್ಕಾಲು ಗಂಟೆ. ಮೊನ್ನೆ ಮಾಗಡಿಗೆ ಹೋಗಕ್ಕೆ ನೀನು ಎಷ್ಟೊತ್ತು ಮಾಡ್ದೆ ಹೇಳು?’

‘ಬಸ್ಸು ಕೆಟ್ಟಿತ್ತು ಕಣ್ಲಾ.’

‘ಕೆಡ್ದಿದ್ರೂ ಅಷ್ಟೇಯ. ಮಾಗಡೀಗಿಂತ ಡೆಲ್ಲೀನೇ ಹತ್ರ ನಮ್ಗೆ.’

ಎರಡೂಮುಕ್ಕಾಲು ಗಂಟೆ. ನಾನು ಅದನ್ನು ನನ್ನ ಗಡಿಯಾರಕ್ಕೆ ಹಾಕಿ ನೋಡಿದೆ. ಹುಳ ಸಾಕುವವರ ಗಡಿಯಾರ ಅಂದರೆ ಸೊಪ್ಪು ಹಾಕುವ ಹೊತ್ತು. ಒಂದು ಸೊಪ್ಪಿಗೂ ಇನ್ನೊಂದು ಸೊಪ್ಪಿಗೂ ನಡುವೆ ಇರುವುದಕ್ಕಿಂತ ಕಮ್ಮಿ. ಬೆಳಗಿನ ಸೊಪ್ಪು ಹಾಕಿ ಹೊರಟರೆ, ಇಲ್ಲಿ ನನ್ನ ಹೆಂಡತಿ ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ನಾನು ಡೆಲ್ಲಿಯಲ್ಲಿ ಊಟಕ್ಕೆ ಕೂತಿರುತ್ತೇನೆ. ಶುಕ್ರವಾರ ಹೋಗಿ ಶನಿವಾರ ವಾಪಸ್. ತಂಗಿಗೂ ಹಾಗೇ ಹೇಳಿದೆ. ಟಿಕೆಟ್ಟಿನ ದುಡ್ಡು ತಾನು ಕಳಿಸುತ್ತೇನೆ ಅಂದ ಅವಳ ಗಂಡನಿಗೆ, ಮಡಿಲಕ್ಕಿ ತರುವವನು ಮಡಿಲಕ್ಕಿ ಪಡೆಯುವವರ ದುಡ್ಡಲ್ಲಿ ಬರುವುದಿಲ್ಲ ಅಂದೆ.

ಶುಕ್ರವಾರ ಕೋಳಿ ಕೂಗುವ ಮುಂಚೆ ಎದ್ದು, ಸೊಪ್ಪು ಹಾಕಿ, ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟೆ. ಕೊಬ್ಬರಿಯ ಚಿಪ್ಪು ಒಡೆದು ಗಿಟುಕನ್ನು ಈಚೆ ತೆಗೆದೆ. ಒಂದು ಗೀರೂ ಬೀಳಲಿಲ್ಲ. ಹೆಂಡತಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೊಸ ಟವಲಿನಲ್ಲಿ ಎಲ್ಲವನ್ನೂ ಗಂಟು ಕಟ್ಟಿದಳು. ಚನ್ನಪಟ್ಟಣದ ಮರದ ಗಿಲಕಿ ಒಂದನ್ನೂ ಇಡೋಣ ಅಂತ ನನಗೆ ಆಸೆ. ‘ಹುಟ್ಟೋ ಮುಂಚೆ ಆಟದ ಸಾಮಾನು ತಗೊಂಡೋದಾರಾ ಯಾರಾದ್ರೂ’ ಅಂತ ಬೈಸಿಕೊಂಡೆ. ಗಂಟನ್ನು ಹೊಸ ಬ್ಯಾಗಿಗೆ ಹಾಕಿ ‘ಎಲ್ಲೂ ನೆಲಕ್ಕೆ ಇಡಬ್ಯಾಡಿ’ ಅಂದಳು.

ಬಾಮೈದನ ಆಟೋದಲ್ಲಿ ರಾಮನಗರ. ಅಲ್ಲಿಂದ ರೈಲು, ನಿಂತುಕೊಂಡೇ, ಬ್ಯಾಗು ಎದೆಗೆ ಅವುಚಿಕೊಂಡು. ಬೆಂಗಳೂರಲ್ಲಿ ಇಳಿದು ವಿಮಾನ ನಿಲ್ದಾಣದ ಬಸ್ಸು. ಬೆಂಗಳೂರು ಮುಗಿಯಿತು ಅಂದುಕೊಂಡಾಗಲೆಲ್ಲ ಇನ್ನೊಂದು ಬೆಂಗಳೂರು ಬರುತ್ತಿತ್ತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಮೈಯೆಲ್ಲ ಬೆವರು. ಎರಡೂಮುಕ್ಕಾಲು ಗಂಟೆ ಮೊದಲ ಗೇಟು ಕಾಣುವುದಕ್ಕೇ ಮುಗಿದುಹೋಗಿತ್ತು. ನಾನು ಇನ್ನೂ ನೆಲದ ಮೇಲೇ ಇದ್ದೆ.

ಒಳಗೆ ಬ್ಯಾಗನ್ನು ಬೆಲ್ಟಿನ ಮೇಲೆ ಬಿಟ್ಟುಬಿಡಿ, ಡೆಲ್ಲಿಯಲ್ಲಿ ತಗೊಳ್ಳಿ ಅಂದಳು ಕೌಂಟರಿನ ಹುಡುಗಿ. ಇದು ನೆಲಕ್ಕಿಡುವ ಬ್ಯಾಗಲ್ಲ ತಾಯಿ, ನನ್ನ ಕೈಲೇ ಇರಲಿ ಅಂದೆ. ತಪಾಸಣೆಯ ಜಾಗದಲ್ಲಿ ಬ್ಯಾಗು ಯಂತ್ರದ ಒಳಕ್ಕೆ ಹೋಯಿತು, ಈಚೆ ಬರಲಿಲ್ಲ. ಖಾಕಿ ಹಾಕಿದವನೊಬ್ಬ ಅದನ್ನು ಪಕ್ಕಕ್ಕೆ ಎಳೆದು, ಗಂಟು ಬಿಚ್ಚಿಸಿ, ಅಕ್ಕಿಯ ಒಳಗಿಂದ ಕೊಬ್ಬರಿ ಎತ್ತಿದ. ಉತ್ತರದ ಕಡೆಯವನು.

‘ಸೂಖಾ ನಾರಿಯಲ್ ನಹೀ ಜಾಯೇಗಾ.’ ಒಣ ಕೊಬ್ಬರಿ ಬಿಡುವುದಿಲ್ಲ ಅಂತ.

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನೂಲು ಬಿಚ್ಚುವವರ ಜೊತೆ ವರ್ಷಗಟ್ಟಲೆ ಜಗಳವಾಡಿ ಕಲಿತ ಉರ್ದು ನನ್ನದು. ಅದರಲ್ಲೇ ಹೇಳಿದೆ, ಭಾಯಿ, ಇದು ತಿನ್ನುವುದಕ್ಕಲ್ಲ, ತಂಗಿಯ ಮಡಿಲಿಗೆ. ಅವನಿಗೆ ಅರ್ಥವಾಯಿತು. ಆದರೂ ತಲೆ ಆಡಿಸಿದ. ಇದರಲ್ಲಿ ಎಣ್ಣೆ ಇದೆ, ಬಿಸಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ರೂಲ್ ಇದೆ ಅಂದ. ನಮ್ಮ ಅಟ್ಟದಲ್ಲಿ, ಒಲೆಯ ಮೇಲುಗಡೆಯೇ ವರ್ಷ ಇತ್ತು, ಹತ್ತಿಕೊಳ್ಳಲಿಲ್ಲವಲ್ಲ ಅಂದೆ. ನಿಮ್ಮ ಅಟ್ಟ ಹಾರುವುದಿಲ್ಲವಲ್ಲ ಅಂದ. ಹಿಂದೆ ನಿಂತಿದ್ದವರು ನಕ್ಕರು. ಪಕ್ಕದಲ್ಲಿ ಒಂದು ಡಬ್ಬ ಇತ್ತು. ಲೈಟರು, ಬೆಂಕಿಪೊಟ್ಟಣ, ಕತ್ತರಿ, ನೀರಿನ ಬಾಟ್ಲಿ ಎಲ್ಲ ಬಿದ್ದಿದ್ದವು. ಅದರೊಳಕ್ಕೆ ಹಾಕು ಅಂತ ಕೈ ತೋರಿಸಿದ.

ನಾನು ಹಾಕಲಿಲ್ಲ. ಕೊಬ್ಬರಿ ಹಿಡಿದುಕೊಂಡು ಹಾಗೇ ನಿಂತೆ. ಅರಿಶಿನ ಕುಂಕುಮ ಇಟ್ಟಿದ್ದನ್ನು ಕಸಕ್ಕೆ ಹಾಕಿ ಯಾವ ಮುಖ ಹೊತ್ತು ಅವಳ ಬಾಗಿಲಿಗೆ ಹೋಗಲಿ? ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋದರೆ ಶುಕ್ರವಾರ ಹೋಯಿತು.

ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ‘ಯಾವೂರಣ್ಣ?’

‘ಕೈಲಾಂಚದ ಕಡೆ.’

‘ನಮ್ದು ಕನಕಪುರದ ಕಡೆ. ಮಡಿಲಿಗಾ? ಎಷ್ಟು ತಿಂಗ್ಳು?’

‘ಏಳು. ನೀನಾದ್ರೂ ಮನೆಗೆ ತಗೊಂಡೋಗವ್ವ. ಕಸಕ್ಕೆ ಬೀಳೋದು ಬ್ಯಾಡ.’

‘ಇಲ್ಲಿ ಕಡ್ಡಿ ಎತ್ಕೊಂಡ್ರೂ ನನ್ನ ಕೆಲ್ಸ ಹೋಯ್ತದಣ್ಣ.’ ಅವಳು ಒರೆಸುವ ಕೋಲಿನ ಮೇಲೆ ಕೈ ಊರಿದಳು. ‘ದೇವರ ಫೋಟೊ ಒಡೆದೋದ್ರೆ ಮನೇಲಿ ಏನ್ಮಾಡ್ತೀರಿ?’

‘ಯಾರೂ ತುಳೀದಿರೋ ಕಡೆ, ಗಿಡದ ಬುಡಕ್ಕೆ ಇಡ್ತೀವಿ.’

‘ಮತ್ತೆ ಅಗೋ ಗಿಡ.’

ಸಾಲಿನ ಪಕ್ಕದಲ್ಲೇ ದೊಡ್ಡ ಕುಂಡದಲ್ಲಿ ಅಗಲದ ಎಲೆಯ ಗಿಡ ಇತ್ತು. ಖಾಕಿಯವನಿಗೆ ಅವಳೇ ಅವನ ಭಾಷೆಯಲ್ಲಿ ಏನೋ ಹೇಳಿದಳು. ಅವನು ಕೊಬ್ಬರಿಯನ್ನು ಇನ್ನೊಂದು ಸಲ ತಿರುಗಿಸಿ ನೋಡಿ, ಬೇಗ ಅಂತ ಕೈಸನ್ನೆ ಮಾಡಿದ. ಕುಂಡದ ಬುಡದ ಬೆಣಚುಕಲ್ಲು ಸರಿಸಿ ಅವ್ವನ ಕೊಬ್ಬರಿಯನ್ನು ಮಣ್ಣಿಗೆ ಇಟ್ಟು ಕೈಮುಗಿದೆ. ಆ ಹೆಂಗಸು ಬೆನ್ನು ತಿರುಗಿಸಿ ನೆಲ ಒರೆಸುತ್ತಿದ್ದಳು.

ವಿಮಾನ ಹೊರಡುವುದೇ ನಾಲ್ಕು ಗಂಟೆ ತಡವಾಯಿತು. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಸೀಟಿನ ಕೆಳಗೆ ಇಡಿ ಅಂದಳು ಒಳಗಿನ ಹುಡುಗಿ. ಮಡಿಲಕ್ಕಿಯನ್ನು ಕಾಲ ಹತ್ತಿರ ಇಡುವುದುಂಟೆ. ಎದ್ದು ತಲೆಯ ಮೇಲಿನ ಬಾಕ್ಸಿಗೆ ಹಾಕಿದೆ. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಹಗಲು ಹೊತ್ತಿನಲ್ಲಿ ಹಾಗೆ ಕೈ ಕಟ್ಟಿ ಕೂತು ನನಗೆ ರೂಢಿಯಿಲ್ಲ. ನಿದ್ದೆಯೂ ಬರಲಿಲ್ಲ. ಕೆಳಗೆ ನೆಲ ಎಲ್ಲಾದರೂ ಕಂಡರೆ ಬೈರಮಂಗಲದ ಕೆರೆಯ ಹಾಗೆ ಒಂದು ನೀರು, ನಾಲ್ಕು ಹೊಲ, ಮತ್ತೆ ಮೋಡ. ಪಕ್ಕದವನನ್ನು ಯಾವೂರು ಬಂತು ಅಂತ ಕೇಳಿದೆ. ಗೊತ್ತಿಲ್ಲ ಅಂದ. ಇಷ್ಟು ಊರು ದಾಟಿಕೊಂಡು ಹೋಗುತ್ತಿದ್ದೇವೆ, ಒಂದರ ಹೆಸರೂ ಯಾರಿಗೂ ಗೊತ್ತಿಲ್ಲ. ಬಾಮೈದ ಹೇಳಿದ್ದ ಎರಡೂಮುಕ್ಕಾಲು ಗಂಟೆ ಸುಳ್ಳಲ್ಲ, ಸರಿಯಾಗಿ ಅಷ್ಟೇ ಆಯಿತು. ಅದರ ಹಿಂದೆ ಮುಂದೆ ಇರುವ ದೂರವನ್ನು ಮಾತ್ರ ಅವನ ಫೋನು ಹೇಳಿರಲಿಲ್ಲ.

ಇಳಿದ ಮೇಲೆ ಹೊರಕ್ಕೆ ನಡೆಯುವುದೇ ನಮ್ಮೂರಿಂದ ಪಕ್ಕದೂರಿಗೆ ನಡೆದಷ್ಟು. ತಂಗಿಯ ಗಂಡ ಕಾಯುತ್ತಿದ್ದರು. ಟ್ಯಾಕ್ಸಿ ಹತ್ತಿದೆವು. ಬಿಸಿಗಾಳಿ, ಮೇ ತಿಂಗಳು. ಒಂದು ಸೇತುವೆಯ ಮೇಲೆ ಗಾಡಿಗಳು ಅಂಟಿಕೊಂಡ ಹಾಗೆ ನಿಂತುಬಿಟ್ಟವು. ‘ಆಗೋಯ್ತು ಭಾವ, ಇನ್ನು ಹತ್ರ’ ಅಂತ ಅವರು ಮೂರು ಸಲ ಅಂದರು. ಕೈಲಿದ್ದ ವಾಚು ನೋಡಿದರೆ ನಮ್ಮೂರಲ್ಲಿ ಹೊತ್ತು ಮುಳುಗುವ ಸಮಯ. ಹೆಂಡತಿಯೇ ಫೋನು ಮಾಡಿದಳು.

‘ತುಂಬಿದ್ರಾ?’

‘ಇನ್ನೂ ದಾರೀಲಿವ್ನಿ.’

‘ಇಲ್ಲಿ ದೀಪ ಹಚ್ಚಾಯ್ತು’ ಅಂದಳು. ಆಮೇಲೆ, ‘ಸೆಕೆಗೆ ಹುಳ ಆಗ್ಲೇ ಒಂದೊಂದು ಮೇವು ಬುಡ್ತಾ ಅವೆ. ನಾಳೆ ಹಣ್ಣಾಗೋ ಹಂಗೆ ಕಾಣ್ತದೆ.’

ಮಡಿಲು, ಹುಳ, ಎರಡೂ ಕೈತಪ್ಪಿದವು ಅಂದುಕೊಂಡೆ. ಸೀಟಿಗೆ ತಲೆ ಒರಗಿಸಿದೆ. ಹಾಗೆ ಒರಗಿದಾಗ ಕಿಟಕಿಯ ಕಡೆಯಿಂದ ಮುಖಕ್ಕೆ ಬಿಸಿಲು ಹೊಡೆಯಿತು. ಎದ್ದು ಕೂತು ನೋಡಿದೆ. ಕಟ್ಟಡಗಳ ಮೇಲೆ ಸೂರ್ಯ ಇನ್ನೂ ಇದ್ದ, ಧೂಳಿನೊಳಗೆ ಕೆಂಪಗೆ.

‘ಇಲ್ಲಿ ಬೇಸಿಗೇಲಿ ಲೇಟಾಗಿ ಮುಳುಗ್ತಾನೆ ಭಾವ’ ಅಂದರು ತಂಗಿಯ ಗಂಡ. ‘ಇನ್ನೂ ಅರ್ಧ ಗಂಟೆ ಐತೆ.’

ಹೆಂಡತಿಗೆ ಹೇಳಿದೆ. ಯಾವ ಹೊತ್ತು ಲೆಕ್ಕ, ನಮ್ಮೂರದ್ದೋ ಇಲ್ಲಿನದ್ದೋ ಅಂತ ಕೇಳಿದೆ.

‘ಬಸುರಿ ಇರೋದೆಲ್ಲಿ? ಅಲ್ಲಿನದ್ದೇಯ. ಕೇಳ್ತಾ ಕೂರಬ್ಯಾಡಿ, ಹೋಗಿ.’

ಕ್ವಾರ್ಟರ್ಸಿನ ಮೂರು ಮಹಡಿಯನ್ನು ಎರಡೆರಡು ಮೆಟ್ಟಿಲು ದಾಟಿಕೊಂಡು ಹತ್ತಿದೆ. ತಂಗಿ ಬಾಗಿಲಿಗೆ ಎದುರಾಗಿ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಹಸಿರು ಸೀರೆ. ಕಾಲು ಬಾತಿದ್ದವು, ಮುಖ ಸಣ್ಣಗಾಗಿತ್ತು. ‘ಮಧ್ಯಾಹ್ನದ ಊಟ ಇಟ್ಕೊಂಡು ಕೂತಿವ್ನಿ’ ಅಂದಳು. ಪಕ್ಕದ ಮನೆಯಾಕೆ, ಬಿಹಾರದ ಕಡೆಯ ದಪ್ಪ ಹೆಂಗಸು, ಇನ್ನಿಬ್ಬರು ಮುತ್ತೈದೆಯರನ್ನು ಕರೆದುಕೊಂಡು ಮಧ್ಯಾಹ್ನದಿಂದ ಅಲ್ಲೇ ಕೂತಿದ್ದಳಂತೆ.

ನಾನು ಗಂಟು ಬಿಚ್ಚಿದೆ. ತಂಗಿಯ ಕಣ್ಣು ಗಂಟಿನೊಳಗೆ ಹುಡುಕಿತು.

‘ಕೊಬ್ಬರಿ ಪ್ಲೇನಿನವರು ಬುಡ್ಲಿಲ್ಲ ಕಣವ್ವ’ ಅಂದೆ. ‘ಅವ್ವ ಹಾಕಿಸಿದ್ದು. ತಂದಿದ್ದೆ. ಬುಡ್ಲಿಲ್ಲ.’

ಅವಳು ತಲೆ ತಗ್ಗಿಸಿದಳು. ಮೂವರು ಹೆಂಗಸರು ಏನಾಯಿತು ಅಂತ ನನ್ನ ಮುಖ ನೋಡಿದರು. ಹೇಳಿದೆ. ಪಕ್ಕದ ಮನೆಯಾಕೆ ಪೂರ್ತಿ ಕೇಳಿಸಿಕೊಳ್ಳದೆ ಎದ್ದು ಹೋದಳು. ಬರುವಾಗ ಕೈಯಲ್ಲಿ ಒಂದು ಕೊಬ್ಬರಿ ಗಿಟುಕು. ಅವಳ ದೇವರ ಮುಂದೆ ಇಟ್ಟಿದ್ದು, ಅದರ ಮೇಲೆ ಸಿಂಧೂರ ಬೇರೆ. ನಾವೂ ಮಡಿಲು ತುಂಬುತ್ತೇವೆ, ಇದೇ ಇಟ್ಟು ತುಂಬುತ್ತೇವೆ, ತಗೊಳ್ಳಿ ಅಂದಳು.

ಬೇಡ ಅಂದೆ. ತವರಿನದು ಆಗಬೇಕು, ಇದು ನಮ್ಮ ಮನೆಯದಲ್ಲ ಅಂದೆ. ಅವಳಿಗೆ ಬೇಜಾರಾಗುವ ಹಾಗೆ ಹೇಳಿದೆನೋ ಏನೋ. ಅಷ್ಟು ದೂರದಿಂದ ಬಂದವನು ಬೇರೆಯವರ ಕೊಬ್ಬರಿ ಇಸಿದುಕೊಂಡು ನನ್ನ ತಂಗಿಯ ಮಡಿಲಿಗೆ ಹಾಕಿಸುವುದು ಹೇಗೆ? ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಹತ್ತುತ್ತಿತ್ತು.

‘ಅಣ್ಣ’ ಅಂದಳು ತಂಗಿ, ಕನ್ನಡದಲ್ಲಿ, ನಮಗಿಬ್ಬರಿಗೇ ಕೇಳುವ ಹಾಗೆ. ‘ಹಿಂದಿನ ಎರಡು ಸಲಾನೂ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೂತಿದ್ದೋರು ಇವರೇಯ. ನೀನು ಬರೋ ಹೊತ್ತಿಗೆ ನಾನು ಎದ್ದು ಗಂಜಿ ಕುಡೀತಿದ್ದೆ.’

ಬೈದು ಹೇಳಿದ್ದಲ್ಲ. ಎರಡು ಸಲವೂ ಸುದ್ದಿ ತಿಳಿದ ದಿನವೇ ರೈಲು ಹತ್ತಿದ್ದೆ. ರೈಲು ಹೋಗುವಷ್ಟೇ ಹೋಗುತ್ತದೆ.

ಪಕ್ಕದ ಮನೆಯಾಕೆಯ ಕೈಯಿಂದ ಕೊಬ್ಬರಿ ಇಸಿದುಕೊಂಡೆ. ನಮ್ಮ ಗಂಟಿನ ಅರಿಶಿನ ಕುಂಕುಮವನ್ನು ಅದಕ್ಕೆ ಹಚ್ಚಿ, ನಮ್ಮ ಅಕ್ಕಿಯ ನಡುವೆ ಇಟ್ಟು, ಮತ್ತೆ ಅವಳ ಕೈಗೇ ಕೊಟ್ಟು ‘ನೀನೇ ಹಾಕು ಬೆಹೆನ್’ ಅಂದೆ. ಅವಳು ಸೆರಗು ತಲೆಗೆ ಎಳೆದುಕೊಂಡು, ತನ್ನ ಭಾಷೆಯಲ್ಲಿ ಏನೋ ಹಾಡು ಹೇಳುತ್ತಾ ತಂಗಿಯ ಮಡಿಲಿಗೆ ಬೊಗಸೆ ಬೊಗಸೆ ಹಾಕಿದಳು. ಹಾಡು ಮುಗಿದಾಗಲೂ ಗೋಡೆಯ ಮೇಲೆ ಬೆರಳು ದಪ್ಪ ಬಿಸಿಲಿತ್ತು.

ಮಾರನೇ ದಿನ ಅಷ್ಟೇ ದಾರಿ, ಉಲ್ಟಾ. ರೈಲು ಇಳಿದಾಗ ಬಾಮೈದ ಆಟೋ ತಂದಿದ್ದ. ‘ಹೆಂಗಿತ್ತು ಭಾವ, ಮಾಗಡೀಗಿಂತ ಹತ್ರ ಅಂದಿರ್ಲಿಲ್ವಾ?’ ಅಂದ. ‘ಆಟೋ ಓಡ್ಸಲಾ’ ಅಂದೆ. ಅವನು ನಕ್ಕು ಆಟೋ ಸ್ಟಾರ್ಟು ಮಾಡಿದ.

ಹುಳದ ಮನೆಯ ಮುಂದೆ ಚಪ್ಪಲಿಗಳು. ಹುಳ ಹಣ್ಣಾಗಿದ್ದವು, ಮುಯ್ಯಾಳಿಗೆ ಅಕ್ಕಪಕ್ಕದವರು ಬಂದಿದ್ದರು. ಅವರ ಹುಳ ಹಣ್ಣಾದಾಗ ನಾವು ಹೋಗುತ್ತೇವೆ, ನಮ್ಮದಾದಾಗ ಅವರು ಬರುತ್ತಾರೆ. ಕೈಕಾಲು ತೊಳೆದು, ಡೆಲ್ಲಿಯ ಬಟ್ಟೆ ಬದಲಿಸಿ ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತೆ. ‘ಮಲಿಕ್ಕಳ್ರಿ ಒಸಿ’ ಅಂದಳು. ಇಲ್ಲ ಅಂದೆ. ಮೈ ಹಳದಿಗೆ ತಿರುಗಿದ ಹುಳವನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕುತ್ತಾ ಕೊಬ್ಬರಿಯ ಕಥೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ‘ಕಸಕ್ಕೆ ಹಾಕ್ಲಿಲ್ವಲ್ಲ, ಸಾಕು’ ಅಂದಳು.

ಆಗ ತಂಗಿಯ ಫೋನು ಬಂತು. ಹುಳದ ಕೈಯಲ್ಲಿ ಫೋನು ಮುಟ್ಟಬಾರದು ಅಂತ ಹೆಂಡತಿ ಪಕ್ಕದವಳಿಂದ ಒತ್ತಿಸಿ ನನ್ನ ಕಿವಿಗೆ ಹಿಡಿಸಿದಳು.

‘ಅಣ್ಣ, ಈಗ ಒಡೆದೆ’ ಅಂದಳು ತಂಗಿ. ‘ಬೆಳ್ಳಗೈತೆ. ಒಂದು ಚುಕ್ಕೆನೂ ಇಲ್ಲ.’

‘ಸರಿ ಕಣವ್ವ’ ಅಂದೆ. ‘ಮಲ್ಕೋ.’

ಎಲ್ಲರಿಗೂ ಕೇಳಿಸಿತ್ತು. ಯಾರೋ ಒಳ್ಳೇದಾಯ್ತು ಅಂದರು. ನಾನು ಮತ್ತೆ ಹುಳ ಆಯುವುದಕ್ಕೆ ಬಗ್ಗಿದೆ. ಸೊಂಟ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆ ಕುಂಡದಲ್ಲಿ ಇಟ್ಟು ಬಂದ ಅವ್ವನ ಕೊಬ್ಬರಿ ಒಳಗೆ ಹೇಗಿತ್ತೋ, ಅದೊಂದು ಗೊತ್ತಾಗಲಿಲ್ಲ.